ಕೈಯಿಂದ ಕೈಗೆ ಬಂದ ಗ್ರನಾಡಾ

1949ರ ಆಸುಪಾಸು. ಅಮೆರಿಕದ ಇಬ್ಬರು ವಾದಕರು ತಮ್ಮ ತಮ್ಮ ಬ್ಯಾಂಜೊಗಳನ್ನು ಅದಲುಬದಲು ಮಾಡಿಕೊಂಡರು. ಡಾನ್ ರೀನೋನ ಕೈಯಲ್ಲಿದ್ದದ್ದು ಗಿಬ್ಸನ್ ಕಂಪನಿಯ ಗ್ರನಾಡಾ. ಲೋಹದ ಭಾಗಗಳಿಗೆಲ್ಲ ಚಿನ್ನದ ಲೇಪ, ಮೇಲೆ ಕೆತ್ತನೆ. ಹುಟ್ಟಿದ್ದು ಶ್ರೀಮಂತ ಮನೆತನದಲ್ಲಿ, ಆದರೆ ಅಷ್ಟು ಹೊತ್ತಿಗೆ ಸೊರಗಿ ಹೋಗಿತ್ತು. ಅರ್ಲ್ ಸ್ಕ್ರಗ್ಸ್‌ನ ಹತ್ತಿರ ಇದ್ದದ್ದು ಅದೇ ಕಂಪನಿಯ ಆರ್‌ಬಿ-75. ಅಲಂಕಾರ ಕಡಿಮೆ, ಮೈಕಟ್ಟು ಗಟ್ಟಿ. ಸ್ಕ್ರಗ್ಸ್ ತನ್ನ ಬ್ಯಾಂಜೊ ಕೊಟ್ಟು ಆ ಸೊರಗಿದ ಗ್ರನಾಡಾ ತೆಗೆದುಕೊಂಡ. ಯಾರಿಗಾದರೂ ಮನಸ್ಸು ಬದಲಾದರೆ ವಾಪಸ್ ಮಾಡಿಕೊಳ್ಳೋಣ ಅನ್ನುವ ಮಾತು ಇಬ್ಬರ ನಡುವೆ ಇತ್ತಂತೆ. ಮನಸ್ಸು ಯಾರಿಗೂ ಬದಲಾಗಲಿಲ್ಲ. ರೀನೋ ತನಗೆ ಬಂದದ್ದಕ್ಕೆ ನೆಲ್ಲಿ ಎಂದು ಹೆಸರಿಟ್ಟು 1984ರಲ್ಲಿ ಸಾಯುವವರೆಗೂ ಇಟ್ಟುಕೊಂಡ. ಸ್ಕ್ರಗ್ಸ್ ಗ್ರನಾಡಾವನ್ನು 2012ರವರೆಗೆ, ಅಂದರೆ ತಾನಿರುವವರೆಗೆ, ಬಿಡಲಿಲ್ಲ.

ಬ್ಯಾಂಜೊ ಅಂದರೆ ನಮ್ಮಲ್ಲಿ ಅನೇಕರ ಕಣ್ಣಿಗೆ ಬರುವುದು ಗಣಪತಿ ಮೆರವಣಿಗೆಯ ಗಾಡಿಯ ಮೇಲೆ ಗುಂಡಿ ಒತ್ತಿ ನುಡಿಸುವ ಉದ್ದನೆಯ ಪೆಟ್ಟಿಗೆ. ಅದು ಬುಲ್‌ಬುಲ್ ತರಂಗ್, ಜಪಾನಿನ ತೈಶೋಗೊತೊದ ವಂಶ. ಇಲ್ಲಿ ಹೇಳುತ್ತಿರುವುದು ಬೇರೆ. ದುಂಡನೆಯ ಚೌಕಟ್ಟಿಗೆ ಚರ್ಮ ಬಿಗಿದು, ಉದ್ದನೆಯ ಹಿಡಿ ಕೂರಿಸಿ, ಐದು ತಂತಿ ಕಟ್ಟಿದ ವಾದ್ಯ. ಅದರ ಬೇರು ಪಶ್ಚಿಮ ಆಫ್ರಿಕಾದಲ್ಲಿದೆ. ಗುಲಾಮರಾಗಿ ಹಡಗು ಹತ್ತಿಸಿಕೊಂಡು ಬಂದವರು ತಮ್ಮ ನೆನಪಿನಿಂದ ಸೋರೆಬುರುಡೆ ಮತ್ತು ಚರ್ಮ ಸೇರಿಸಿ ಕೆರಿಬಿಯನ್ನಿನಲ್ಲೂ ಅಮೆರಿಕದಲ್ಲೂ ಮಾಡಿಕೊಂಡದ್ದು. ಆಮೇಲೆ ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಅದೇ ಜನರನ್ನು ಅಣಕಿಸುವ ನಾಟಕಗಳಲ್ಲಿ ಅದನ್ನು ಬಾರಿಸಿದರು. ಆ ಕೊಳೆ ಆ ವಾದ್ಯಕ್ಕೆ ಬಹಳ ಕಾಲ ಅಂಟಿಕೊಂಡಿತ್ತು. ಬ್ಯಾಂಜೊ ಹಿಡಿದವನು ವೇದಿಕೆಗೆ ಬಂದರೆ ಜನ ನಗಲು ಸಿದ್ಧರಾಗಿರುತ್ತಿದ್ದರು. ಸ್ಕ್ರಗ್ಸ್ ನ್ಯಾಶ್‌ವಿಲ್‌ನ ರೈಮನ್ ಸಭಾಂಗಣಕ್ಕೆ ಬಂದ ಹೊಸತರಲ್ಲಿ, ಆ ಕಾಲದ ಹಿರಿಯ ಬ್ಯಾಂಜೊ ವಿದೂಷಕ ಅಂಕಲ್ ಡೇವ್ ಮೇಕನ್, ಹುಡುಗ ನುಡಿಸುವುದೇನೋ ಸರಿ, ಆದರೆ ಚೂರೂ ನಗಿಸುವುದಿಲ್ಲವಲ್ಲ ಎಂದು ಗೊಣಗಿದನಂತೆ. ನನಗೆ ಈ ಕಥೆ ಬಹಳ ಇಷ್ಟ. ಅದು ದೂರಿನ ಮಾತೇ, ಆದರೂ ಸ್ಕ್ರಗ್ಸ್ ಆ ವಾದ್ಯಕ್ಕೆ ಏನು ಮಾಡಿದ ಅನ್ನುವುದು ಪೂರ್ತಿ ಅದರಲ್ಲಿದೆ.

ನಾನಿರುವುದು ಅಮೆರಿಕದ ಉತ್ತರ ಕೆರೊಲಿನಾದ ಶಾರ್ಲಟ್‌ನಲ್ಲಿ. ಇಲ್ಲಿಂದ ಪಶ್ಚಿಮಕ್ಕೆ ಒಂದು ಗಂಟೆಯ ದಾರಿಯಲ್ಲಿ ಶೆಲ್ಬಿ ಅನ್ನುವ ಊರು. ಆ ಊರಿನ ಹಳೆಯ ಕೋರ್ಟ್ ಕಟ್ಟಡದಲ್ಲಿ 2014ರಲ್ಲಿ ಸ್ಕ್ರಗ್ಸ್‌ನ ಹೆಸರಿನ ಕೇಂದ್ರ ತೆರೆದಿದ್ದಾರೆ. ಅವನು ಹುಟ್ಟಿದ್ದು ಅಲ್ಲೇ ಹತ್ತಿರದ ಫ್ಲಿಂಟ್ ಹಿಲ್‌ನಲ್ಲಿ, 1924ರ ಜನವರಿ 6ರಂದು. ಸುತ್ತ ಹತ್ತಿಯ ಹೊಲ, ನೂಲಿನ ಗಿರಣಿ. ಈಗ ಗಿರಣಿಗಳು ಹೆಚ್ಚುಕಡಿಮೆ ಮುಚ್ಚಿವೆ. ಅಪ್ಪ ರೈತ, ಬ್ಯಾಂಜೊ ನುಡಿಸುತ್ತಿದ್ದ. ಅರ್ಲ್‌ಗೆ ನಾಲ್ಕು ವರ್ಷವಾಗಿದ್ದಾಗ ತೀರಿಕೊಂಡ. ಮನೆಯಲ್ಲಿ ಉಳಿದದ್ದು ಅಪ್ಪನ ಬ್ಯಾಂಜೊ. ಹುಡುಗನ ತೊಡೆಯ ಮೇಲೆ ಅದು ನಿಲ್ಲುತ್ತಿರಲಿಲ್ಲ, ಪಕ್ಕಕ್ಕೆ ಊರಿಕೊಂಡು ನುಡಿಸಬೇಕಿತ್ತು. ಅವನೂ ಅಣ್ಣ ಹೊರೇಸ್‌ನೂ ಒಂದು ಆಟ ಆಡುತ್ತಿದ್ದರು. ಇಬ್ಬರೂ ಒಂದೇ ಹಾಡು ಶುರುಮಾಡಿ, ಬೆನ್ನು ತಿರುಗಿಸಿ, ಒಬ್ಬ ಮನೆಯ ಈ ಕಡೆಯಿಂದ, ಇನ್ನೊಬ್ಬ ಆ ಕಡೆಯಿಂದ ಸುತ್ತು ಹಾಕುವುದು. ಹಿತ್ತಿಲಲ್ಲಿ ಎದುರಾದಾಗ ಲಯ ಇನ್ನೂ ಒಂದೇ ಆಗಿದೆಯೇ ನೋಡುವುದು. ಮೆಟ್ರೊನೋಮ್ ಇಲ್ಲದ ಮನೆಯಲ್ಲಿ ಇದಕ್ಕಿಂತ ಒಳ್ಳೆಯ ಲಯಪಾಠ ಏನಿದೆ?

ಮೂರು ಬೆರಳಿನ ವಿಧಾನವನ್ನು ಅವನೇ ಕಂಡುಹಿಡಿದ ಎಂದು ಬರೆಯುವವರಿದ್ದಾರೆ. ಅದು ತಪ್ಪು. ಕೆರೊಲಿನಾದ ಆ ಸಣ್ಣ ಪಟ್ಟಿಯಲ್ಲಿ ಸ್ಮಿತ್ ಹ್ಯಾಮೆಟ್, ಸ್ನಫಿ ಜೆಂಕಿನ್ಸ್ ಮುಂತಾದವರು ಆಗಲೇ ಹಾಗೆ ನುಡಿಸುತ್ತಿದ್ದರು. ಅವನ ದೊಡ್ಡಣ್ಣ ಜೂನಿಯೂ ನುಡಿಸುತ್ತಿದ್ದ. ಅರ್ಲ್ ಎರಡು ಬೆರಳಲ್ಲಿ ನುಡಿಸುತ್ತಿದ್ದವನು, ಹತ್ತು ವರ್ಷದ ಆಸುಪಾಸಿನಲ್ಲಿ ಅಣ್ಣನೊಡನೆ ಜಗಳವಾಡಿ ಕೋಣೆಯೊಳಗೆ ಕೂತು ಏನೋ ಯೋಚಿಸುತ್ತ ನುಡಿಸುವಾಗ, ನಡುಬೆರಳೂ ತಾನಾಗಿ ಸೇರಿಕೊಂಡಿತು. ಸಿಕ್ಕಿತು, ಸಿಕ್ಕಿತು ಎಂದು ಮನೆಯೆಲ್ಲ ಕೂಗಿಕೊಂಡು ಓಡಾಡಿದನಂತೆ.

ಸಿಕ್ಕಿದ್ದು ಏನು ಅಂತ ಸ್ವಲ್ಪ ಬಿಡಿಸಿ ಹೇಳಬೇಕು. ಬ್ಯಾಂಜೊದ ಸ್ವರಕ್ಕೆ ಆಯುಷ್ಯ ಕಡಿಮೆ. ಮೀಟಿದೊಡನೆ ಟಣ್ ಎಂದು ಎದ್ದು ಅಲ್ಲೇ ಸತ್ತು ಹೋಗುತ್ತದೆ. ವೀಣೆಯ ಹಾಗೆ ಒಂದು ಮೀಟಿನ ಮೇಲೆ ಗಮಕ ಎಳೆಯುವ ಅವಕಾಶವಿಲ್ಲ. ಹಾಗಾಗಿ ಹಾಡು ಎಲ್ಲೂ ಬರಿದಾಗದಂತೆ ಸ್ವರಗಳನ್ನು ಸುರಿಸುತ್ತಲೇ ಇರಬೇಕು. ಹೆಬ್ಬೆರಳು, ತೋರುಬೆರಳು, ನಡುಬೆರಳು ಒಂದರ ಹಿಂದೆ ಒಂದು ಬೇರೆ ಬೇರೆ ತಂತಿಗಳನ್ನು ಮೀಟುವ ಸುತ್ತಿಗೆ ರೋಲ್ ಅನ್ನುತ್ತಾರೆ. ಬೆರಳು ಮೂರು, ಆದರೆ ತಾಳದ ಒಂದು ಅಳತೆಗೆ ಎಂಟು ಸ್ವರ. ಮೂರರ ಗುಂಪು ಎಂಟಕ್ಕೆ ಸಮನಾಗಿ ಕೂರುವುದಿಲ್ಲ. ನೇರ ರೋಲ್‌ನಲ್ಲಿ ಅದು ತಕಿಟ ತಕಿಟ ತಕ ಎಂದು ಮುಗಿಯುತ್ತದೆ. ಕೊನ್ನಕೋಲು ಕೇಳಿ ಬೆಳೆದವರಿಗೆ ಇದನ್ನು ಮತ್ತೆ ವಿವರಿಸಬೇಕಾಗಿಲ್ಲ. ಕೇಳುವವನಿಗೆ ಹಾಡು ಮುಂದಕ್ಕೆ ಮುಗ್ಗರಿಸಿದಂತೆ ಅನಿಸುತ್ತದೆ, ಆದರೆ ಬೀಳುವುದಿಲ್ಲ. ಇದರ ಜೊತೆಗೆ ಐದನೆಯ ತಂತಿ. ಅದು ಗಿಡ್ಡ, ಹಿಡಿಯ ಐದನೆಯ ಮೆಟ್ಟಿಲಿನಿಂದ ಶುರುವಾಗುತ್ತದೆ, ಎಲ್ಲಕ್ಕಿಂತ ಎತ್ತರದ ಶ್ರುತಿ. ವೀಣೆಯಲ್ಲಿ ತಾಳದ ತಂತಿಗಳು ಪಕ್ಕದಲ್ಲಿ ನಿಂತು ಕಿರುಬೆರಳಿಗಾಗಿ ಕಾಯುತ್ತವೆ. ಇಲ್ಲಿ ಹೆಬ್ಬೆರಳು ಆ ತಂತಿಯನ್ನು ಹಾಡಿನೊಳಕ್ಕೇ ಎಳೆದು ತರುತ್ತದೆ. ಜೆಂಕಿನ್ಸ್ ನುಡಿಸಿದ್ದನ್ನು ಕೇಳಿದರೆ ರೋಲ್ ಹಾಡಿಗೆ ಸುತ್ತಿದ ಬಳ್ಳಿಯಂತಿದೆ. ಸ್ಕ್ರಗ್ಸ್‌ನಲ್ಲಿ ಹಾಡಿನ ಪ್ರತಿ ಸ್ವರವೂ ಆ ಸುರಿಮಳೆಯ ನಡುವೆ ಬೇರೆಯಾಗಿ, ಗಟ್ಟಿಯಾಗಿ ಕೇಳುತ್ತದೆ. ವ್ಯತ್ಯಾಸ ಇರುವುದು ಅಲ್ಲಿ.

ಎರಡನೆಯ ಮಹಾಯುದ್ಧದ ಹೊತ್ತಿಗೆ ಅವನು ಶೆಲ್ಬಿಯ ಲಿಲಿ ಮಿಲ್ಸ್ ನೂಲಿನ ಗಿರಣಿಯಲ್ಲಿ ದುಡಿಯುತ್ತಿದ್ದ. 1945ರ ಡಿಸೆಂಬರಿನಲ್ಲಿ ಬಿಲ್ ಮನ್ರೋನ ಬ್ಲೂ ಗ್ರಾಸ್ ಬಾಯ್ಸ್ ತಂಡ ಸೇರಿದ. ತಂಡದ ಗಾಯಕ ಲೆಸ್ಟರ್ ಫ್ಲ್ಯಾಟ್‌ಗೆ ಬ್ಯಾಂಜೊ ಅಂದರೇ ಬೇಸರವಾಗಿತ್ತು. ಹಿಂದಿನ ವಾದಕ ಮನ್ರೋನ ವೇಗಕ್ಕೆ ಏಗುತ್ತಿರಲಿಲ್ಲ. ಹೊಸಬ ಬರುತ್ತಾನೆ ಅಂದಾಗ, ಅವನು ಅದನ್ನು ಪೆಟ್ಟಿಗೆಯಲ್ಲೇ ಇಟ್ಟುಕೊಂಡಿರಲಿ ಅನ್ನುವ ಅರ್ಥದ ಮಾತಾಡಿದ್ದ ಫ್ಲ್ಯಾಟ್, ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡ. 1946 ಮತ್ತು 1947ರಲ್ಲಿ ಆ ತಂಡ ಮಾಡಿದ ಧ್ವನಿಮುದ್ರಣಗಳೇ ಇವತ್ತು ಬ್ಲೂಗ್ರಾಸ್ ಅನ್ನುವ ಅಮೆರಿಕದ ಹಳ್ಳಿಗಾಡಿನ ಸಂಗೀತ ಶೈಲಿಗೆ ಅಳತೆಗೋಲು. 1948ರಲ್ಲಿ ಫ್ಲ್ಯಾಟ್, ಸ್ಕ್ರಗ್ಸ್ ಇಬ್ಬರೂ ಹೊರಬಂದು ಸ್ವಂತ ತಂಡ ಕಟ್ಟಿದರು. ಮನ್ರೋ ವರ್ಷಗಟ್ಟಲೆ ಅವರೊಡನೆ ಮಾತು ಬಿಟ್ಟ.

ಇನ್ನು ರೀನೋನ ಪಾಲಿನ ಕಥೆ. ಮನ್ರೋ 1943ರಲ್ಲೇ ಅವನನ್ನು ಕರೆದಿದ್ದ. ಅವನು ಸೈನ್ಯಕ್ಕೆ ಹೋದ, ಬರ್ಮಾದ ಕಾಡಿನಲ್ಲಿ ಕಾದಾಡಿದ ಮೆರಿಲ್‌ನ ಪಡೆಯಲ್ಲಿದ್ದು ಗಾಯಗೊಂಡ. ಊರಿಗೆ ಬಂದರೆ ತನ್ನ ಜಾಗದಲ್ಲಿ ಸ್ಕ್ರಗ್ಸ್ ಕೂತು ಲೋಕವನ್ನು ಗೆದ್ದಾಗಿತ್ತು. ತಾನೂ ಅದೇ ಮೂರು ಬೆರಳಿನವನು, ಅದೇ ಸೀಮೆಯವನು. ಇನ್ನು ತಾನು ಏನು ನುಡಿಸಿದರೂ ಸ್ಕ್ರಗ್ಸ್‌ನ ನಕಲು ಅನ್ನುತ್ತಾರೆ ಎಂದುಕೊಂಡು, ಗಿಟಾರಿನಂತೆ ಒಂದೇ ತಂತಿಯ ಮೇಲೆ ಓಡುವ ಬೇರೆ ದಾರಿಯನ್ನೇ ಮಾಡಿಕೊಂಡ. ಸ್ಕ್ರಗ್ಸ್ ಮನ್ರೋನನ್ನು ಬಿಟ್ಟ ಸುದ್ದಿ ತಿಳಿದಾಗ, ತಂಡ ಎಲ್ಲಿ ನುಡಿಸುತ್ತಿದೆ ಎಂದು ಹುಡುಕಿಕೊಂಡು ಹೋಗಿ, ಕರೆಯುವ ಮೊದಲೇ ಬ್ಯಾಂಜೊ ಹಿಡಿದು ವೇದಿಕೆ ಹತ್ತಿದ. ಈ ಇಬ್ಬರ ನಡುವೆ ಅಸೂಯೆ ಇರಬೇಕಿತ್ತು ಅಂತ ನಮಗೆ ಅನಿಸಬಹುದು. ಆದರೆ ನಡೆದದ್ದು ವಾದ್ಯದ ವಿನಿಮಯ.

ಆ ಗ್ರನಾಡಾ ರೀನೋನ ಹತ್ತಿರ ಬರುವ ಮೊದಲು ಸ್ನಫಿ ಜೆಂಕಿನ್ಸ್‌ನ ಹತ್ತಿರ ಇತ್ತು. ಅವನು ಅದನ್ನು ಗಿರವಿ ಅಂಗಡಿಯಲ್ಲಿ ಕೊಂಡಿದ್ದ. ಅದಕ್ಕೂ ಮೊದಲು ಫಿಶರ್ ಹೆಂಡ್ಲಿ ಅನ್ನುವವನದು. ಅವನ ತಂಡದ ಹೆಸರು ಅರಿಸ್ಟೊಕ್ರಾಟಿಕ್ ಪಿಗ್ಸ್, ಕುಲೀನ ಹಂದಿಗಳು. ಪ್ರಾಯೋಜಕ ಮಾಂಸದ ಕಂಪನಿ, ಹಾಗಾಗಿ ಆ ಹೆಸರು. ಅಂದರೆ ಕೆರೊಲಿನಾದ ಮೂರು ಬೆರಳಿನ ಬ್ಯಾಂಜೊದ ಅರ್ಧ ಇತಿಹಾಸ ಅದೊಂದೇ ವಾದ್ಯದ ಮೈಮೇಲೆ ಹಾದುಹೋಗಿದೆ.

ಗಿಬ್ಸನ್ ಕಂಪನಿ ಅದನ್ನು ಮಾಡಿದ್ದು ಮಿಶಿಗನ್‌ನ ಕಲಮಜೂನಲ್ಲಿ, 1930ರ ಸುಮಾರಿಗೆ. ಚರ್ಮದ ಕೆಳಗೆ, ಮರದ ಬಳೆಯ ಮೇಲೆ, ಸುಮಾರು 3 ಪೌಂಡ್ ತೂಕದ ಕಂಚಿನಂಥ ಲೋಹದ ಉಂಗುರ ಕೂರುತ್ತದೆ. ಅದನ್ನು ಟೋನ್ ರಿಂಗ್ ಅನ್ನುತ್ತಾರೆ. ಉಂಗುರದ ತಲೆ ಚಪ್ಪಟೆಯಾದರೆ ಚರ್ಮದ ಹೆಚ್ಚು ಭಾಗ ಅದುರುತ್ತದೆ, ನಾದ ತಗ್ಗಿನಲ್ಲಿ ತುಂಬಿಕೊಳ್ಳುತ್ತದೆ. ಕಮಾನಿನಂತೆ ಎದ್ದಿದ್ದರೆ ನಾದ ಚುರುಕು, ಚೂಪು. ಗ್ರನಾಡಾದ್ದು ಚಪ್ಪಟೆ. ಆ ಕಾಲಕ್ಕೆ ಅಂಗಡಿಯಲ್ಲಿ ಮಾರಾಟವಾಗುತ್ತಿದ್ದದ್ದು ಜಾಝ್ ತಂಡಗಳಿಗೆ ಬೇಕಾದ ನಾಲ್ಕು ತಂತಿಯ ಟೆನರ್ ಬ್ಯಾಂಜೊ. ಐದು ತಂತಿಯದ್ದು ಹಳ್ಳಿಗರ ಸರಕು, ಮಾಡಿದ್ದೇ ಕಡಿಮೆ. ಹಾಗಾಗಿ ಯುದ್ಧಪೂರ್ವದ, ಮೂಲದಲ್ಲೇ ಐದು ತಂತಿಯ, ಚಪ್ಪಟೆ ಉಂಗುರದ ಗಿಬ್ಸನ್ ಈಗ ಸಿಕ್ಕರೆ ಲಕ್ಷ ಡಾಲರ್ ದಾಟುವುದುಂಟು. ಆ ಉಂಗುರಗಳ ಲೋಹವನ್ನು ಪರೀಕ್ಷೆಗೆ ಕೊಟ್ಟು, ತಾಮ್ರ ಎಷ್ಟು, ತವರ ಎಷ್ಟು ಎಂದು ಲೆಕ್ಕ ತೆಗೆದು ನಕಲು ಎರಕ ಹೊಯ್ಯುವವರಿದ್ದಾರೆ. ಹಳೆಯ ಟೆನರ್‌ಗಳ ಹಿಡಿ ಕಿತ್ತು ಐದು ತಂತಿಯ ಹೊಸ ಹಿಡಿ ಕೂರಿಸುವುದು ಒಂದು ಕಸುಬೇ ಆಗಿದೆ. ಮಾರುವಾಗ ಖರೀದಿದಾರ ಕೇಳುವ ಮೊದಲ ಪ್ರಶ್ನೆ, ಎಷ್ಟು ಭಾಗ ಮೂಲದ್ದು? ಒಂದು ಮೊಳೆ ಬದಲಾಗಿದ್ದರೂ ಬೆಲೆ ಇಳಿಯುತ್ತದೆ.

ಇವರೆಲ್ಲ ಪೂಜಿಸುವ ಸ್ಕ್ರಗ್ಸ್ ತನ್ನ ಗ್ರನಾಡಾಗೆ ಏನು ಮಾಡಿದ? 1951ರಲ್ಲಿ ಅವನಿಗೆ ಒಂದು ಯೋಚನೆ ಬಂತು. ನುಡಿಸುತ್ತ ನುಡಿಸುತ್ತಲೇ ತಂತಿಯ ಶ್ರುತಿಯನ್ನು ಇಳಿಸಿ ಮತ್ತೆ ಏರಿಸಿದರೆ, ಸ್ವರ ಜಾರಿ ಬಂದು ಕೂರುತ್ತದೆ. ಅದಕ್ಕೆ ತಂತಿಯನ್ನು ತಳ್ಳುವ ಸಣ್ಣ ತಿರುಪುಗಳು ಬೇಕು. ಬ್ಯಾಂಜೊದ ತಲೆಗೆ ರಂಧ್ರ ಕೊರೆದು ಕೂರಿಸಿಬಿಟ್ಟ. ಇವತ್ತಿನ ಸಂಗ್ರಾಹಕ ಆ ಡ್ರಿಲ್ಲಿನ ಸದ್ದು ಕೇಳಿದ್ದರೆ ಆಸ್ಪತ್ರೆ ಸೇರುತ್ತಿದ್ದ. ಅವನ ಅರ್ಲ್ಸ್ ಬ್ರೇಕ್‌ಡೌನ್, ಫ್ಲಿಂಟ್ ಹಿಲ್ ಸ್ಪೆಷಲ್ ಎರಡೂ ಆ ತಿರುಪಿನಿಂದ ಹುಟ್ಟಿದವು. ಆಮೇಲೆ ಬಿಲ್ ಕೀತ್ ಅನ್ನುವ ವಾದಕ ತಲೆಗೆ ಹೆಚ್ಚಿನ ರಂಧ್ರ ಬೇಡದ, ಮೂಲ ಬಿರಟೆಯ ಜಾಗದಲ್ಲೇ ಕೂರುವ ಸಾಧನ ಮಾಡಿ ಮಾರಿದ. ಐವತ್ತರ ದಶಕದಲ್ಲಿ ಗ್ರನಾಡಾ ರಿಪೇರಿಗೆ ಹೋಗಿ ಬಂದಾಗ ಹಿಡಿಯ ಮೇಲಿದ್ದ ಹೃದಯ ಮತ್ತು ಹೂವಿನ ಚಿಪ್ಪಿನ ಕುಸುರಿ ಹೋಗಿ, ಬೋ ಟೈ ಆಕಾರದ್ದು ಬಂದಿತ್ತು. ಬಹಳ ವರ್ಷದ ಮೇಲೆ ಮತ್ತೆ ಹಳೆಯ ನಮೂನೆಗೆ ಮರಳಿಸಿದರು. ಕರುವಿನ ಚರ್ಮ ಹೋಗಿ ಪ್ಲಾಸ್ಟಿಕ್ ಬಂತು. ಮಳೆಗಾಲಕ್ಕೆ ಸಡಿಲವಾಗಿ ಬೇಸಿಗೆಗೆ ಬಿಗಿಯುವ ಚರ್ಮದ ಗೋಳು ಮೃದಂಗದವರಿಗೆ ಗೊತ್ತು. ಅದನ್ನು ಬಿಟ್ಟದ್ದಕ್ಕೆ ಅವನು ಅತ್ತಂತೆ ಕಾಣೆ.

ಇನ್ನೂ ಒಂದು ತಮಾಷೆ ಇದೆ. ಅರವತ್ತರ ದಶಕದಲ್ಲಿ ಬಾಸ್ಟನ್‌ನ ವೇಗಾ ಕಂಪನಿ ಅವನ ಹೆಸರಿನ ಬ್ಯಾಂಜೊ ಹೊರತಂದಿತು. ಜಾಹೀರಾತುಗಳಲ್ಲಿ ಅವನ ಕೈಯಲ್ಲಿ ವೇಗಾ. ಸ್ಟುಡಿಯೋದೊಳಗೆ ಅವನು ನೆಚ್ಚಿಕೊಂಡದ್ದು ಗ್ರನಾಡಾ. ಫೋಟೋ ನೋಡಿ ವೇಗಾ ಕೊಂಡ ಹುಡುಗರಿಗೆ ಆ ನಾದ ಏಕೆ ಬರಲಿಲ್ಲ ಅನ್ನುವುದಕ್ಕೆ ಇದು ಅರ್ಧ ಉತ್ತರ. ಇನ್ನರ್ಧ ಉತ್ತರ ಅವನ ಬಲಗೈಯಲ್ಲಿತ್ತು, ಅದನ್ನು ಯಾವ ಕಂಪನಿಯೂ ಮಾರುತ್ತಿರಲಿಲ್ಲ. ಗಿಬ್ಸನ್ ಅವನ ಹೆಸರಿನ ಮಾದರಿ ಹೊರತಂದದ್ದು 1984ರಲ್ಲಿ. 2010ರ ಮೇ ತಿಂಗಳಲ್ಲಿ ನ್ಯಾಶ್‌ವಿಲ್‌ಗೆ ಬಂದ ನೆರೆಯ ನಂತರ ಆ ಕಂಪನಿ ಬ್ಯಾಂಜೊ ಮಾಡುವುದನ್ನೇ ವರ್ಷಗಟ್ಟಲೆ ನಿಲ್ಲಿಸಿತು.

ಅವನ ವೃತ್ತಿಯನ್ನು ಕಟ್ಟಿದ್ದು ಇಬ್ಬರು. ಒಂದು ಮಾರ್ಥಾ ವೈಟ್ ಅನ್ನುವ ಮೈದಾಹಿಟ್ಟಿನ ಕಂಪನಿ. 1953ರಿಂದ ನಸುಕಿನಲ್ಲೇ ರೇಡಿಯೊದಲ್ಲಿ ಹಿಟ್ಟಿನ ಹಾಡು ಹಾಡುತ್ತ ಫ್ಲ್ಯಾಟ್ ಮತ್ತು ಸ್ಕ್ರಗ್ಸ್ ದಕ್ಷಿಣದ ಅಡುಗೆಮನೆಗಳಿಗೆಲ್ಲ ಪರಿಚಯವಾದರು. 1962ರ ಡಿಸೆಂಬರ್ 8ರಂದು ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಕಛೇರಿ ಮಾಡುವಾಗ, ಸಭೆಯಿಂದ ಆ ಹಿಟ್ಟಿನ ಜಾಹೀರಾತೇ ಬೇಕೆಂದು ಕೂಗು ಬಂತು. ಇನ್ನೊಬ್ಬರು ಹೆಂಡತಿ ಲೂಯಿಸ್. ಲೆಕ್ಕಪತ್ರ ಬಲ್ಲ ಹೆಂಗಸು. 1948ರಲ್ಲಿ ಮದುವೆ. ಮುಂದಿನ ದಶಕದಲ್ಲಿ ತಂಡದ ಕಾರ್ಯಕ್ರಮ, ಕರಾರು ಎಲ್ಲ ಆಕೆಯೇ ನೋಡಿಕೊಂಡಳು. ಕಂಟ್ರಿ ಸಂಗೀತದಲ್ಲಿ ಹೆಂಗಸರು ಮ್ಯಾನೇಜರ್ ಆಗುವುದು ಕೇಳಿರದ ಕಾಲ. ಟಿವಿಯ ದಿ ಬೆವರ್ಲಿ ಹಿಲ್‌ಬಿಲ್ಲೀಸ್ ಸರಣಿಯ ಶೀರ್ಷಿಕೆ ಸಂಗೀತದ ಮಾತು ಬಂದಾಗ, ಹಳ್ಳಿಗರನ್ನು ಅಣಕಿಸುತ್ತಾರೆಂದು ಆಕೆ ಮೊದಲು ಹಿಂಜರಿದಳಂತೆ. ಆಮೇಲೆ ಒಪ್ಪಿದರು. 1963ರ ಆರಂಭದಲ್ಲಿ ಆ ಹಾಡು ಕಂಟ್ರಿ ಪಟ್ಟಿಯ ಮೊದಲ ಸ್ಥಾನದಲ್ಲಿತ್ತು. 1967ರಲ್ಲಿ ಬಾನಿ ಆಂಡ್ ಕ್ಲೈಡ್ ಚಿತ್ರ 1949ರಲ್ಲಿ ಫ್ಲ್ಯಾಟ್ ಮತ್ತು ಸ್ಕ್ರಗ್ಸ್ ಧ್ವನಿಮುದ್ರಿಸಿದ ಫಾಗಿ ಮೌಂಟನ್ ಬ್ರೇಕ್‌ಡೌನ್ ಅನ್ನು ಹಾಗೆಯೇ ಬಳಸಿತು. ಜಗತ್ತಿನ ಮೂಲೆಮೂಲೆಯಲ್ಲಿ ಬ್ಯಾಂಜೊ ಅಂದರೆ ಓಡುವ ಕಾರು ಅನ್ನುವ ಕಲ್ಪನೆ ಹುಟ್ಟಿದ್ದು ಅಲ್ಲಿಂದ.

ಇಲ್ಲಿಗೆ ನಿಲ್ಲಿಸಿದ್ದರೆ ಅವನು ಗುಡಿಯ ಮೂರ್ತಿಯಾಗಿ ನೆಮ್ಮದಿಯಾಗಿ ಇರಬಹುದಿತ್ತು. 1969ರಲ್ಲಿ ಫ್ಲ್ಯಾಟ್‌ನಿಂದ ಬೇರೆಯಾದ. ಫ್ಲ್ಯಾಟ್‌ಗೆ ಹಳೆಯ ಹಾಡು ಬೇಕು. ಸ್ಕ್ರಗ್ಸ್‌ಗೆ ಮನೆಯಲ್ಲಿ ಬೆಳೆದು ನಿಂತ ಗಂಡುಮಕ್ಕಳು ನುಡಿಸುತ್ತಿದ್ದುದು ಹಿಡಿಸಿತ್ತು, ಬಾಬ್ ಡಿಲನ್‌ನ ಹಾಡುಗಳೂ ಸೇರಿ. ಮಕ್ಕಳ ಜೊತೆ ಅರ್ಲ್ ಸ್ಕ್ರಗ್ಸ್ ರೆವ್ಯೂ ಕಟ್ಟಿದ. ಡ್ರಮ್, ವಿದ್ಯುತ್ ಗಿಟಾರ್, ಉದ್ದ ಕೂದಲಿನ ಹುಡುಗರು, ನಡುವೆ ಗಂಭೀರ ಮುಖದ ನಡುವಯಸ್ಸಿನ ಅಪ್ಪ, ಕೈಯಲ್ಲಿ ಬ್ಯಾಂಜೊ. ಆ ವರ್ಷದ ನವೆಂಬರಿನಲ್ಲಿ ವಾಷಿಂಗ್ಟನ್‌ನಲ್ಲಿ ವಿಯೆಟ್ನಾಂ ಯುದ್ಧದ ವಿರುದ್ಧ ನಡೆದ ಬೃಹತ್ ಸಭೆಯಲ್ಲಿ ನುಡಿಸಿದ. ಅವನ ವಲಯದ ಕಲಾವಿದರು ಅಲ್ಲಿಗೆ ಹೋಗುವುದು ಸುಲಭದ ಮಾತಾಗಿರಲಿಲ್ಲ. ಸಂಪ್ರದಾಯದವರು ಮೂಗು ಮುರಿದರು.

ರೆವ್ಯೂನ ರೆಕಾರ್ಡುಗಳು ಎಲ್ಲವೂ ಚೆನ್ನಾಗಿವೆ ಎಂದು ನಾನು ಹೇಳಲಾರೆ. ಕೆಲವು ಕಡೆ ಡ್ರಮ್ಮಿನ ಗದ್ದಲದಲ್ಲಿ ಬ್ಯಾಂಜೊ ಮುಳುಗುತ್ತದೆ, ಲೆಸ್ಟರ್‌ನ ಆ ನಿರಾಳ ದನಿ ಇದ್ದಿದ್ದರೆ ಅನಿಸುತ್ತದೆ. ಆದರೂ ಅವನ ಮೇಲೆ ನನ್ನ ಗೌರವ ಹೆಚ್ಚಿದ್ದು ಈ ಅಧ್ಯಾಯದಿಂದಲೇ. ಇಪ್ಪತ್ತೆರಡರ ಹರೆಯದಲ್ಲಿ ತಾನು ನುಡಿಸಿದ್ದನ್ನು ಶಾಸ್ತ್ರವೆಂದು ಜನ ಕಂಠಪಾಠ ಮಾಡುತ್ತಿದ್ದಾಗ, ಆ ಶಾಸ್ತ್ರದ ಕಾವಲಿಗೆ ನಿಲ್ಲಲು ಅವನೇ ಒಪ್ಪಲಿಲ್ಲ. 1968ರಲ್ಲಿ ತನ್ನ ನುಡಿಸಾಣಿಕೆಯ ಪಾಠಪುಸ್ತಕ ಹೊರತಂದ. ಪ್ರತಿ ಬೆರಳಿನ ನಡೆಯೂ ಅಲ್ಲಿ ಅಚ್ಚಾಗಿದೆ, ಬರೆದುಕೊಳ್ಳಲು ನೆರವಾದವನು ಅದೇ ಬಿಲ್ ಕೀತ್. ಕಲಿಯಬೇಕಾದವರು ಕಲಿತುಕೊಳ್ಳಲಿ ಎಂದು ಪುಸ್ತಕ ಕೊಟ್ಟು ತಾನು ಮುಂದೆ ಹೋದ.

ಮೈಯೂ ಬಹಳ ಪೆಟ್ಟು ತಿಂದಿತ್ತು. 1955ರಲ್ಲಿ, ಕಾಯಿಲೆ ಬಿದ್ದ ತಾಯಿಯನ್ನು ನೋಡಲು ಹೋಗುವಾಗ ಕಾರಿನ ಅಪಘಾತದಲ್ಲಿ ಸೊಂಟದ ಮೂಳೆ ಮುರಿದು ತಿಂಗಳುಗಟ್ಟಲೆ ವೇದಿಕೆ ತಪ್ಪಿತು. 1975ರಲ್ಲಿ ಅವನೇ ಓಡಿಸುತ್ತಿದ್ದ ಸಣ್ಣ ವಿಮಾನ ನ್ಯಾಶ್‌ವಿಲ್ ಬಳಿ ಇಳಿಯುವಾಗ ಬಿತ್ತು. ಎಂಬತ್ತರ ದಶಕದಿಂದ ನುಡಿಸುವುದು ತೀರ ಕಡಿಮೆಯಾಯಿತು. 2001ರಲ್ಲಿ ಗೆಳೆಯರ ಜೊತೆಗಿನ ಆಲ್ಬಮ್‌ನೊಂದಿಗೆ ಮರಳಿದ. ಅದರಲ್ಲಿನ ಫಾಗಿ ಮೌಂಟನ್ ಬ್ರೇಕ್‌ಡೌನ್‌ಗೆ ಮರುವರ್ಷ ಗ್ರ್ಯಾಮಿ ಬಂತು. ಅದೇ ಹಾಡಿಗೆ ಮೊದಲ ಗ್ರ್ಯಾಮಿ ಬಂದದ್ದು 1969ರಲ್ಲಿ.

ಟಿವಿಯಲ್ಲಿ ದಿ ಬೆವರ್ಲಿ ಹಿಲ್‌ಬಿಲ್ಲೀಸ್ ಸರಣಿಯ ಶೀರ್ಷಿಕೆ ಸಂಗೀತ ಕೇಳಿ ಬ್ಯಾಂಜೊಗೆ ಮರುಳಾದ ನ್ಯೂಯಾರ್ಕಿನ ಪುಟ್ಟ ಹುಡುಗರಲ್ಲಿ ಬೇಲಾ ಫ್ಲೆಕ್ ಒಬ್ಬ. ಅವನು ದೊಡ್ಡವನಾಗಿ ಆ ವಾದ್ಯವನ್ನು ಗ್ಯಾಂಬಿಯಾ, ಮಾಲಿಗಳಿಗೆ ಹೊತ್ತುಕೊಂಡು ಹೋಗಿ ಅದರ ಆಫ್ರಿಕದ ದಾಯಾದಿಗಳ ಎದುರು ಕೂರಿಸಿದ. ವಿಶ್ವಮೋಹನ ಭಟ್ಟರ ಮೋಹನವೀಣೆಯೊಡನೆ ನುಡಿಸಿದ. ಜಾಕಿರ್ ಹುಸೇನ್, ಬಾಸ್ ವಾದಕ ಎಡ್ಗರ್ ಮೇಯರ್, ಬಾನ್ಸುರಿಯ ರಾಕೇಶ್ ಚೌರಾಸಿಯಾ ಜೊತೆ ಸೇರಿ ಮಾಡಿದ ಆಲ್ಬಮ್ 2024ರಲ್ಲಿ ಗ್ರ್ಯಾಮಿ ಪಡೆಯಿತು. ಜಾಕಿರ್ ಹುಸೇನರು ಆ ವರ್ಷವೇ ತೀರಿಕೊಂಡರು. ಅವರ ತಬಲದ ಕೆಳಗೆ ಹರಿಯುವ ಆ ಬ್ಯಾಂಜೊದಲ್ಲಿ ಸ್ಕ್ರಗ್ಸ್‌ನ ರೋಲ್ ಇನ್ನೂ ಕೇಳುತ್ತದೆ, ತಾಳ ಮಾತ್ರ ಬೇರೆ.

ಹೊಸದಾಗಿ ಕೇಳುವವರಿಗೆ ಒಂದು ಮಾತು. ಫಾಗಿ ಮೌಂಟನ್ ಬ್ರೇಕ್‌ಡೌನ್‌ನಿಂದ ಶುರುಮಾಡಬೇಡಿ. ಕಾರು ಓಡಿಸುವ ದೃಶ್ಯಗಳಲ್ಲಿ ಕೇಳಿ ಕೇಳಿ ಕಿವಿ ಜಡ್ಡುಗಟ್ಟಿರುತ್ತದೆ. ಎರಡನೆಯ ಮಗನ ಹೆಸರಿಟ್ಟ ರ‍್ಯಾಂಡಿ ಲಿನ್ ರ‍್ಯಾಗ್ ಹಾಕಿಕೊಳ್ಳಿ. ನಡುವೆ ತಂತಿಯ ಶ್ರುತಿ ಜಾರಿ ಮತ್ತೆ ಏರುವ ಜಾಗಗಳಿವೆ. ಆಮೇಲೆ ಕಾರ್ನೆಗಿ ಹಾಲ್‌ನ ಕಛೇರಿ, ಅದರಲ್ಲೂ ಸ್ಕ್ರಗ್ಸ್ ಬ್ಯಾಂಜೊ ಕೆಳಗಿಟ್ಟು ಗಿಟಾರ್ ಹಿಡಿಯುವ ಭಕ್ತಿಗೀತೆಗಳನ್ನು ಬಿಡಬೇಡಿ. ಮೊದಲ ಸಲ ಹಾಡಿನ ಕಡೆ ಕಿವಿ ಇರಲಿ, ಎರಡನೆಯ ಸಲ ಐದನೆಯ ತಂತಿಯ ಕಡೆ. ಇಯರ್‌ಫೋನ್ ಇದ್ದರೆ ಒಳ್ಳೆಯದು, ಫೋನಿನ ಸ್ಪೀಕರಿನಲ್ಲಿ ಗ್ರನಾಡಾದ ತಗ್ಗಿನ ನಾದ ಸಿಗುವುದಿಲ್ಲ.